ಐದನೆಯ ಚೀಟಿ

ಕಟಕಟೆಯಲ್ಲಿ ನಿಂತಿದ್ದವನ ಅಂಗಿಯ ಎಡತೋಳಿನಲ್ಲಿ ಒಂದು ತೇಪೆಯಿತ್ತು. ಬಿಳಿಯ ಅಂಗಿ ಒಗೆದು ಒಗೆದು ಬೂದಿಬಣ್ಣಕ್ಕೆ ತಿರುಗಿತ್ತು. ತೇಪೆ ಮಾತ್ರ ನೀಲಿ. ಮೊಣಕೈಗಿಂತ ನಾಲ್ಕು ಬೆರಳು ಮೇಲೆ, ಅಂಗೈಯಗಲದ ಚೌಕ. ನ್ಯಾಯಾಲಯದ ಎತ್ತರದ ಕಿಟಕಿಯಿಂದ ಇಳಿದ ಬಿಸಿಲು ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಆತನ ಮುಖವನ್ನು ನೋಡುವ ಮೊದಲೇ ನಾನು ಆ ತೇಪೆಯನ್ನು ನೋಡಿದೆ. ಅದು ನನ್ನ ಕಸುಬು ಕಲಿಸಿದ ಅಭ್ಯಾಸ. ಯಾರೇ ಎದುರಾದರೂ ನನ್ನ ಕಣ್ಣು ಮೊದಲು ಹೊಲಿಗೆಯ ಮೇಲೆ ಹೋಗುತ್ತದೆ, ಆಮೇಲೆ ಮನುಷ್ಯನ ಮೇಲೆ.

ಆಗ ನನಗೆ ನಲವತ್ತೇಳು ವರ್ಷ. ಪೇಟೆಬೀದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ನಾನು ಆ ಊರಿಗೆ ಬಂದು ಹತ್ತೊಂಬತ್ತು ವರ್ಷಗಳಾಗಿದ್ದವು. ಊರಿನ ಅರ್ಧದಷ್ಟು ಮದುಮಕ್ಕಳು ನಾನು ಹೊಲಿದ ಕೋಟು ತೊಟ್ಟೇ ಹಸೆಮಣೆ ಏರಿದ್ದರು. ಆ ಕಾಲದಲ್ಲಿ ದೊಡ್ಡ ಅಪರಾಧಗಳ ವಿಚಾರಣೆಗೆ ಊರಿನ ಐವರು ಗೃಹಸ್ಥರನ್ನು ಜೂರಿಯಾಗಿ ಕೂರಿಸುವ ಪದ್ಧತಿಯಿತ್ತು. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಹೇಳುವುದು ಜೂರಿಯ ಕೆಲಸ. ಶಿಕ್ಷೆ ಎಷ್ಟೆಂದು ಹೇಳುವುದು ನ್ಯಾಯಾಧೀಶರದು. ಐವರಲ್ಲಿ ಮೂವರು ಒಂದು ಕಡೆಗಾದರೆ ಸಾಕು. ಓದು ಬರಹ ಬಲ್ಲ, ಹೆಸರು ಕೆಡಿಸಿಕೊಂಡಿರದ ಮನುಷ್ಯರ ಪಟ್ಟಿಯೊಂದು ಕಚೇರಿಯಲ್ಲಿ ಇರುತ್ತಿತ್ತು. ಆ ವರ್ಷ ಅದರಲ್ಲಿ ನನ್ನ ಹೆಸರೂ ಬಂತು. ಜವಾನ ಸಮನ್ಸು ತಂದುಕೊಟ್ಟ ದಿನ ನನ್ನ ಹೆಂಡತಿ ಅಂಬುಜ ಅದನ್ನು ದೇವರ ಮುಂದಿಟ್ಟು ಆಮೇಲೆ ನನ್ನ ಕೈಗೆ ಕೊಟ್ಟಳು.

ಆರೋಪಿಯ ಹೆಸರು ಚಿಕ್ಕೀರಯ್ಯ. ಬಾವಿ ತೋಡುವುದು, ಹೂಳು ತೆಗೆಯುವುದು ಅವನ ಕೆಲಸ. ಬೇರೆ ಸೀಮೆಯವನು. ಆ ಬೇಸಿಗೆಯಲ್ಲಿ ನಮ್ಮ ಊರಿನ ಅಕ್ಕಸಾಲಿಗರ ಮನೆಯ ಹಿತ್ತಲ ಬಾವಿಯ ಹೂಳು ತೆಗೆಯಲು ಬಂದು ಐದು ದಿನ ಕೆಲಸ ಮಾಡಿದ್ದ. ಐದನೆಯ ದಿನ ಮಧ್ಯಾಹ್ನ, ಮನೆಯವರೆಲ್ಲ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದಾಗ, ಒಳಗೆ ಮಲಗಿದ್ದ ಮುದುಕ ವೀರಭದ್ರಾಚಾರಿಗೆ ಯಾರೋ ತಲೆಯ ಮೇಲೆ ಹೊಡೆದು, ಪೆಟ್ಟಿಗೆಯ ಬೀಗ ಒಡೆದು, ಬೆಳ್ಳಿ ಕಾಲುಗಡಗಗಳನ್ನೂ ಡಾಬುಗಳನ್ನೂ ಹೊತ್ತೊಯ್ದಿದ್ದರು. ಮುದುಕ ಆರು ದಿನ ಎಚ್ಚರವಿಲ್ಲದೆ ಮಲಗಿ ಬದುಕಿಕೊಂಡ. ಆದರೆ ಆ ಮಧ್ಯಾಹ್ನದ್ದೇನೂ ಅವನಿಗೆ ನೆನಪಿರಲಿಲ್ಲ.

ಚಿಕ್ಕೀರಯ್ಯ ಅದೇ ಸಂಜೆ ಊರು ಬಿಟ್ಟಿದ್ದ. ಮೂರು ದಿನಗಳ ಮೇಲೆ ಅವನನ್ನು ಹಿಡಿದಾಗ ಅವನ ಟವೆಲಿನಲ್ಲಿ ರಕ್ತದ ಕಲೆಯಿತ್ತು. ಕೆಲಸ ಮುಗಿಯಿತು, ಹೊರಟೆ ಎಂದು ಅವನು ಹೇಳಿದ. ರಾಟೆಯ ಹಗ್ಗ ಜಾರಿ ಅಂಗೈ ಕಿತ್ತುಹೋಗಿತ್ತು, ಅದೇ ರಕ್ತ ಎಂದ. ಅಂಗೈಯಲ್ಲಿ ಗಾಯವೂ ಇತ್ತು. ಬೆಳ್ಳಿ ಅವನ ಬಳಿ ಸಿಗಲಿಲ್ಲ, ಎಲ್ಲಿಯೂ ಸಿಗಲಿಲ್ಲ. ಪಕ್ಕದ ಮನೆಯ ಸಾವಂತ್ರಮ್ಮ ಎಂಬ ಹೆಂಗಸು, ಬಾವಿಯವನು ಹಿತ್ತಲ ಬಾಗಿಲಿನಿಂದ ಬಿರಬಿರನೆ ಹೋದದ್ದನ್ನು ಕಂಡೆ ಎಂದು ಸಾಕ್ಷಿ ಹೇಳಿದಳು. ಮೊಕದ್ದಮೆಯಲ್ಲಿ ಇದ್ದದ್ದು ಇಷ್ಟೇ.

ಮೊದಲ ದಿನ ಪೊಲೀಸರು ಅವನನ್ನು ಕರೆತಂದಾಗ ಅವನು ನಮ್ಮ ಐದು ಕುರ್ಚಿಗಳ ಮುಂದಿನಿಂದಲೇ ಹಾದುಹೋದ. ಕಡೆಯ ಕುರ್ಚಿ ನನ್ನದು. ನ್ಯಾಯಾಧೀಶರು ಅವನ ವಕೀಲರನ್ನು, "ಈ ಐವರಲ್ಲಿ ಯಾರ ಮೇಲಾದರೂ ತಕರಾರು ಇದೆಯೇ?" ಎಂದು ಕೇಳಿದರು. ವಕೀಲರು ಕಟಕಟೆಯ ಹತ್ತಿರ ಹೋಗಿ ಮೆಲ್ಲಗೆ ವಿಚಾರಿಸಿದರು. ಚಿಕ್ಕೀರಯ್ಯ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬಂದು, ನನ್ನ ಮೇಲೆ ಒಂದು ಗಳಿಗೆ ಹೆಚ್ಚು ಕಣ್ಣು ನಿಲ್ಲಿಸಿ, ತಲೆಯಲ್ಲಾಡಿಸಿದ. ತಕರಾರಿಲ್ಲ.

ಅಷ್ಟರಲ್ಲಿ ನಾನು ಆ ತೇಪೆಯ ನಾಲ್ಕು ಮೂಲೆಗಳನ್ನೂ ನೋಡಿಯಾಗಿತ್ತು. ಸಾಮಾನ್ಯವಾಗಿ ಯಾರೇ ಆಗಲಿ ತೇಪೆ ಹಾಕಿ ಮುಗಿಸುವಾಗ ಒಂದು ಗಂಟು ಹಾಕಿ ದಾರವನ್ನು ಕತ್ತರಿಸುತ್ತಾರೆ. ಈ ತೇಪೆಯಲ್ಲಿ ಗಂಟು ಇರಲಿಲ್ಲ. ದಾರವನ್ನು ಹಿಂದಕ್ಕೆ ತಿರುಗಿಸಿ, ಹಾಕಿದ ಹೊಲಿಗೆಯ ಅಡಿಯಲ್ಲೇ ಮೂರು ಸಲ ನುಗ್ಗಿಸಿ, ಜಗ್ಗಿ ಹರಿದಿದ್ದರು. ಹಾಗೆ ಮಾಡಿದಾಗ ಮೂಲೆಯಲ್ಲಿ ಕಾಗೆಯ ಕಾಲಿನಂಥ ಮೂರು ಗೆರೆ ಉಳಿಯುತ್ತದೆ. ಕತ್ತರಿ ಇಲ್ಲದ ಕಡೆ ಹೊಲಿಗೆ ಕಲಿತವರು ಮಾತ್ರ ಹಾಗೆ ಮುಗಿಸುತ್ತಾರೆ. ಅಂಥ ಜಾಗ ನನಗೆ ಗೊತ್ತಿದ್ದದ್ದು ಒಂದೇ. ಆರು ದಿನಗಳ ಪ್ರಯಾಣದಷ್ಟು ದೂರದ ಒಂದು ಸೆರೆಮನೆಯ ಹೊಲಿಗೆ ಕೊಟ್ಟಡಿ. ಅಲ್ಲಿ ಇದ್ದದ್ದು ಒಂದೇ ಕತ್ತರಿ, ಅದೂ ಮೇಜಿಗೆ ಸರಪಣಿಯಲ್ಲಿ ಬಿಗಿದದ್ದು. ದಸ್ತಗೀರ್ ಮೇಸ್ತ್ರಿ ಎಂಬ ಜೀವಾವಧಿ ಕೈದಿ ಅಲ್ಲಿ ಎಲ್ಲರಿಗೂ ಈ ಕಾಗೆಕಾಲು ಕಲಿಸುತ್ತಿದ್ದ.

ನನಗೂ ಅವನೇ ಕಲಿಸಿದ್ದು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನೊಂದು ಜವಳಿ ಮಳಿಗೆಯಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಉಗ್ರಾಣದ ಹಿಂಬಾಗಿಲ ಅಗಣಿ ಹಾಕದೆ ಬಂದೆ. ನನ್ನ ಇಬ್ಬರು ಸ್ನೇಹಿತರು ರೇಷ್ಮೆಯ ಥಾನುಗಳನ್ನು ಸಾಗಿಸಿದರು. ಹಿಂಡಿದ ಬಡತನವಾಗಲಿ, ಕಾಯಿಲೆಯ ತಾಯಿಯಾಗಲಿ ಇರಲಿಲ್ಲ. ಆಸೆಯಾಗಿತ್ತು, ಮಾಡಿದೆ. ಮೂರು ವರ್ಷ ಸಜೆಯಾಯಿತು. ಹೊರಗೆ ಬಂದ ಮೇಲೆ ಯಾರಿಗೂ ನನ್ನ ಗುರುತಿಲ್ಲದ ಊರುಗಳಲ್ಲಿ ಅಲ್ಲಿ ಇಲ್ಲಿ ಹೊಲಿಗೆ ಮಾಡಿಕೊಂಡಿದ್ದು, ಕೊನೆಗೆ ಈ ಊರಿನಲ್ಲಿ ನೆಲೆ ನಿಂತೆ. ಸೋದರಮಾವನ ಹತ್ತಿರ ಹೊಲಿಗೆ ಕಲಿತೆ ಎಂದು ಕೇಳಿದವರಿಗೆಲ್ಲ ಹೇಳಿದೆ. ಮದುವೆಯಾಗಿ ಹದಿನೇಳು ವರ್ಷಗಳಾಗಿದ್ದರೂ ಅಂಬುಜಳಿಗೆ ಗೊತ್ತಿದ್ದದ್ದು ಆ ಸೋದರಮಾವನೇ.

ಹೀಗಾಗಿ ಮೊದಲನೆಯ ದಿನ ಮಧ್ಯಾಹ್ನದ ಹೊತ್ತಿಗೆ, ಜೂರಿಯ ಐವರಲ್ಲಿ ಆರೋಪಿ ಹಿಂದೆ ಸೆರೆಮನೆಯಲ್ಲಿದ್ದವನೆಂದು ತಿಳಿದವನು ನಾನೊಬ್ಬನೇ ಆಗಿದ್ದೆ. ಹೇಳಿದರೆ ಹೇಗೆ ಗೊತ್ತಾಯಿತೆಂದು ಕೇಳುತ್ತಾರೆ. ಸುಮ್ಮನಿದ್ದೆ.

ಎರಡನೆಯ ದಿನ ಸರ್ಕಾರಿ ವಕೀಲರು ಪೆಟ್ಟಿಗೆಯ ಮುರಿದ ಬೀಗವನ್ನು ಎತ್ತಿ ತೋರಿಸುತ್ತ, "ಬೀಗ ಒಡೆಯುವುದು ಈತನಿಗೇನೂ ಹೊಸತಲ್ಲ" ಎಂದುಬಿಟ್ಟರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಅವರು ದನಿ ಏರಿಸುವವರಲ್ಲ.

"ಆ ಮಾತು ಅಲ್ಲಿಗೇ ನಿಲ್ಲಲಿ. ಜೂರಿಯವರೆ, ಈಗ ಕಿವಿಗೆ ಬಿದ್ದದ್ದನ್ನು ನೀವು ಕೇಳಿಲ್ಲವೆಂದೇ ತಿಳಿಯಬೇಕು. ಈ ಮನುಷ್ಯ ಹಿಂದೆ ಏನು ಮಾಡಿದ್ದ, ಏನು ಮಾಡಿರಲಿಲ್ಲ ಎಂಬುದು ನಿಮ್ಮ ಮುಂದಿರುವ ಪ್ರಶ್ನೆಯಲ್ಲ. ಆ ಮಧ್ಯಾಹ್ನ, ಆ ಮನೆಯಲ್ಲಿ ಇವನು ಏನು ಮಾಡಿದ ಎನ್ನುವುದಷ್ಟೇ ಪ್ರಶ್ನೆ."

ನಾವು ಐವರೂ ತಲೆಯಾಡಿಸಿದೆವು. ಕೇಳಿದ ಮಾತನ್ನು ಕೇಳಿಲ್ಲವೆಂದುಕೊಳ್ಳುವುದು ಹೇಗೆಂದು ಯಾರೂ ಕೇಳಲಿಲ್ಲ.

ಮೂರನೆಯ ದಿನ ಊಟದ ಹೊತ್ತಿನ ನಂತರ ನಮ್ಮನ್ನು ಪಕ್ಕದ ಕೋಣೆಗೆ ಕಳುಹಿಸಿದರು. ಉದ್ದನೆಯ ಮೇಜು, ನೀರಿನ ಹೂಜಿ, ಐದು ಲೋಟ. ನಿವೃತ್ತ ಮುಖ್ಯೋಪಾಧ್ಯಾಯ ಪಶುಪತಿ ಮೇಷ್ಟ್ರು ನಮ್ಮ ಮುಖ್ಯಸ್ಥರು. ಉಳಿದವರು ಎಣ್ಣೆ ಗಾಣದ ಗುರುಬಸಪ್ಪ, ಧರ್ಮಾಸ್ಪತ್ರೆಯ ಕಾಂಪೌಂಡರ್ ಆರೋಗ್ಯಸ್ವಾಮಿ, ವೀಳ್ಯದೆಲೆ ವ್ಯಾಪಾರದ ಖಾದರ್ ಸಾಹೇಬರು, ಮತ್ತೆ ನಾನು.

ಗುರುಬಸಪ್ಪ ಕೂರುವ ಮೊದಲೇ ಮಾತು ತೆಗೆದರು.

"ಅಲ್ಲಾ ಮೇಷ್ಟ್ರೆ, ಗಾಣಕ್ಕೆ ಒಬ್ಬ ಆಳು ಇಟ್ಕೋಬೇಕಾದ್ರೆ ಹಿಂದೆ ಎಲ್ಲಿದ್ದ, ಏನ್ ಮಾಡ್ಕೊಂಡಿದ್ದ ಅಂತ ಹತ್ತು ಜನರನ್ನ ಕೇಳ್ತೀನಿ. ಒಬ್ಬನ್ನ ಜೈಲಿಗೆ ಕಳಿಸೋ ವಿಷಯದಲ್ಲಿ ಮಾತ್ರ ನಮ್ ಕಣ್ಣಿಗೆ ಬಟ್ಟೆ ಕಟ್ತಾರೆ. ವಕೀಲ್ರು ಹೇಳೋದು ಹೇಳಿಬಿಟ್ರು, ಅದನ್ನ ಮರೀರಿ ಅಂದ್ರೆ ಹೆಂಗೆ?"

"ನಲವತ್ತು ವರ್ಷ ಪಾಠ ಹೇಳಿದೀನಿ ಗುರುಬಸಪ್ಪನೋರೆ," ಎಂದರು ಪಶುಪತಿ ಮೇಷ್ಟ್ರು. "ತರಗತೀಲಿ ಏನಾದ್ರೂ ಕಳೆದುಹೋದ್ರೆ, ಹಿಂದೆ ಒಂದ್ಸಲ ಸಿಕ್ಕಿಬಿದ್ದಿದ್ದವನ ಚೀಲಾನೇ ಮೊದಲು ಹುಡುಕ್ತಿದ್ದೆ. ಅಲ್ಲಿ ಸಿಗದಿದ್ರೂ, ಇವನೇ ಎಲ್ಲೋ ಬಚ್ಚಿಟ್ಟಿದಾನೆ ಅಂತ ಅನ್ನಿಸ್ತಿತ್ತು. ಉಳಿದ ಮೂವತ್ತೊಂಬತ್ತು ಚೀಲ ಬಿಚ್ಚಿಸ್ತಾನೇ ಇರ್ಲಿಲ್ಲ. ನಂಗೆ ಅದು ತಪ್ಪು ಅಂತ ಹೊಳೆದದ್ದು ರಿಟೈರಾದ ಮೇಲೆ."

"ಆಸ್ಪತ್ರೇಲಿ ಡಾಕ್ಟ್ರು ಮೊದಲು ಕೇಳೋದೇ ಹಿಂದೆ ಏನಾಗಿತ್ತು ಅಂತ," ಎಂದರು ಕಾಂಪೌಂಡರ್. "ಹಿಂದಿನದು ಗೊತ್ತಿಲ್ದೆ ಔಷಧಿ ಕೊಡಕ್ಕಾಗಲ್ಲ ಸಾರ್."

ಖಾದರ್ ಸಾಹೇಬರು ನಿಧಾನವಾಗಿ ಮಾತನಾಡುವ ಮನುಷ್ಯ. "ಮೂಳೆ ಮುರ್ಕೊಂಡು ಬಂದೋನಿಗೆ, ಹೋದ ವರ್ಷ ಚಳಿಜ್ವರ ಬಂದಿತ್ತು ಅಂತ ಕ್ವಿನೈನ್ ಕೊಡ್ತೀರೇನ್ರೀ? ನಂಗೆ ಆ ಹೆಂಗಸು ಹೇಳಿದ್ದು ಸಾಲದು. ಬಿಟ್ಬಿಡೋಣ."

ವಾದ ಒಂದು ಗಂಟೆ ನಡೆಯಿತು. ಕೊನೆಗೆ ಗುರುಬಸಪ್ಪ ಮತ್ತು ಕಾಂಪೌಂಡರ್ ಒಂದು ಕಡೆ, ಮೇಷ್ಟ್ರು ಮತ್ತು ಸಾಹೇಬರು ಇನ್ನೊಂದು ಕಡೆ ಉಳಿದರು. ನಾಲ್ವರೂ ನನ್ನ ಕಡೆ ತಿರುಗಿದರು.

"ಏನ್ ಟೈಲರ್ರೇ, ಆಗಿಂದ ಬಾಯೇ ಬಿಟ್ಟಿಲ್ಲ. ನಿಮಗೇನ್ ಅನ್ಸುತ್ತೆ?" ಎಂದರು ಗುರುಬಸಪ್ಪ.

ನನಗೆ ಏನನ್ನಿಸಿತು ಎಂಬುದನ್ನು ಇಷ್ಟು ವರ್ಷಗಳ ಮೇಲೂ ಮುಚ್ಚುಮರೆಯಿಲ್ಲದೆ ಹೇಳಬಲ್ಲೆ. ಸಾವಂತ್ರಮ್ಮನ ಮಾತು, ಟವೆಲಿನ ರಕ್ತ, ಅಂಗೈಯ ಗಾಯ, ಇವುಗಳನ್ನು ಅತ್ತ ಇತ್ತ ಇಟ್ಟು ನೋಡಿದಾಗ ನನಗೂ ಏನೂ ತೀರ್ಮಾನವಾಗಿರಲಿಲ್ಲ. ಆದರೆ ಆ ನೀಲಿ ತೇಪೆ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಅಲ್ಲಿಂದ ಬಂದವನು ಎಂದುಕೊಂಡೆ. ಅಲ್ಲಿದ್ದವರನ್ನು ನಾನು ಬಲ್ಲೆ. ನನ್ನ ಮಗ್ಗುಲಲ್ಲಿ ಮಲಗುತ್ತಿದ್ದವರು, ಬಿಡುಗಡೆಯಾದ ಆರು ತಿಂಗಳಿಗೆ ಮತ್ತದೇ ಗೇಟಿನೊಳಗೆ ಬಂದವರು, ಬರುತ್ತಲೇ ನಗುತ್ತ ತಮ್ಮ ಹಳೆಯ ಜಾಗ ಕೇಳಿದವರು. ತಿದ್ದಿಕೊಂಡವನು ನಾನೊಬ್ಬನೇ ಎಂಬಂಥ ಒಂದು ಹಮ್ಮು ನನ್ನೊಳಗೆ ಎಲ್ಲೋ ಕೂತಿತ್ತು. ಗುರುಬಸಪ್ಪನವರಿಗಿಂತ ನಾನು ಕಠಿಣನಾಗಿದ್ದೆ. ಅವರದು ಬರೀ ಅನುಮಾನ, ನನ್ನದು ತಿಳಿವಳಿಕೆ ಎಂದು ನಂಬಿದ್ದೆ.

"ಬಾಯಲ್ಲಿ ಹೇಳೋದು ಬೇಡ, ಚೀಟಿ ಹಾಕೋಣ," ಎಂದೆ.

ನಾಲ್ವರ ಮನಸ್ಸು ಗೊತ್ತಿದ್ದ ಮೇಲೆ ಐದನೆಯ ಚೀಟಿ ಯಾರದೆಂಬುದೇನೂ ಗುಟ್ಟಾಗಿ ಉಳಿಯುವುದಿಲ್ಲ. ಆದರೂ ಆ ಮಾತನ್ನು ನನ್ನ ನಾಲಿಗೆಯಿಂದ ಆಡುವುದು ನನಗೆ ಬೇಡವಾಗಿತ್ತು. ಪಶುಪತಿ ಮೇಷ್ಟ್ರು ಒಂದು ಹಾಳೆಯನ್ನು ಐದು ತುಂಡು ಮಾಡಿದರು. ನಾನು 'ಹೌದು' ಎಂದು ಬರೆದು ಎರಡು ಸಲ ಮಡಿಸಿದೆ. ಮೇಷ್ಟ್ರು ಚೀಟಿಗಳನ್ನು ಬಿಡಿಸಿ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ನನ್ನ ಕಡೆ ನೋಡಲಿಲ್ಲ.

ತೀರ್ಪು ಒಪ್ಪಿಸಿದ ಮೇಲೆ ಶಿಕ್ಷೆ ನಿಗದಿ ಮಾಡಬೇಕು. ಆಗ ಮಾತ್ರ ಆರೋಪಿಯ ಹಿಂದಿನ ಚರಿತ್ರೆ ಓದಬಹುದೆಂಬುದು ನಿಯಮ. ಸರ್ಕಾರಿ ವಕೀಲರು ಉತ್ಸಾಹದಿಂದಲೇ ಎದ್ದು ಒಂದು ಕಾಗದ ಹಿಡಿದು ಓದಿದರು: "ಬೀಗ ಒಡೆದು ಅತಿಕ್ರಮ ಪ್ರವೇಶ, ಕಾವಲುಗಾರನಿಗೆ ಗಾಯ, ಒಂದೂವರೆ ವರ್ಷ ಸಜೆ." ಗುರುಬಸಪ್ಪ ನನ್ನ ತೊಡೆಗೆ ಮೆಲ್ಲಗೆ ತಟ್ಟಿದರು. ನೋಡಿದಿರಾ ಎನ್ನುವ ಹಾಗೆ.

"ಪೂರ್ತಿ ತೀರ್ಪು ಇದೆಯೇ? ಕೊಡಿ," ಎಂದು ನ್ಯಾಯಾಧೀಶರು ಅದನ್ನು ಕೈಗೆ ತೆಗೆದುಕೊಂಡು ತಾವೇ ಓದತೊಡಗಿದರು.

ಒಡೆದದ್ದು ಒಂದು ಬಾವಿಯ ಸುತ್ತ ಕಟ್ಟಿದ್ದ ಕಟಾಂಜನದ ಬಾಗಿಲ ಬೀಗ. ಆ ಬಾವಿಯನ್ನು ತೋಡಿದವನೂ ಚಿಕ್ಕೀರಯ್ಯನೇ. ಊರಿಗೆಲ್ಲ ನೀರು ಎಂದು ಹೇಳಿ ತೋಡಿಸಿದ ತೋಟದ ಯಜಮಾನ, ಬಿಸಿಲು ಏರಿ ಊರ ಕೆರೆ ಒಣಗಿದಾಗ ಬಾಗಿಲಿಗೆ ಬೀಗ ಜಡಿದಿದ್ದ. ಕೊಡ ಹಿಡಿದ ಹೆಂಗಸರು ಎರಡು ದಿನ ಬೇಲಿಯ ಹೊರಗೆ ಕಾದಿದ್ದರು. ಮೂರನೆಯ ದಿನ ಚಿಕ್ಕೀರಯ್ಯ ಹಾರೆಯಿಂದ ಬೀಗ ಒಡೆದ. ತಡೆಯಲು ಬಂದ ಕಾವಲುಗಾರನ ಮುಂಗೈಗೆ ಅದೇ ಹಾರೆಯಿಂದ ಹೊಡೆದ, ಮೂಳೆ ಮುರಿಯಿತು. ಅದನ್ನೂ ನ್ಯಾಯಾಧೀಶರು ಬಿಡದೆ ಓದಿದರು. ಯಾವ ವಸ್ತುವನ್ನೂ ಕದ್ದಿಲ್ಲ, ಆರೋಪಿ ತಾನೇ ಠಾಣೆಗೆ ಬಂದು ಒಪ್ಪಿಕೊಂಡಿದ್ದಾನೆ ಎಂಬಲ್ಲಿಗೆ ಕಾಗದ ಮುಗಿಯಿತು.

ಆಮೇಲೆ ನ್ಯಾಯಾಧೀಶರು, ಜೂರಿಯ ತೀರ್ಪನ್ನು ಒಪ್ಪಿಕೊಂಡು ಐದು ವರ್ಷ ಸಜೆ ವಿಧಿಸಿದರು. ಚಿಕ್ಕೀರಯ್ಯ ಕೈ ಮುಗಿಯಲೂ ಇಲ್ಲ, ಅಳಲೂ ಇಲ್ಲ. ಇಳಿದು ಹೋಗುವಾಗ ನಮ್ಮ ಕುರ್ಚಿಗಳ ಮುಂದೆ ಅದೇ ತೇಪೆ ಹಾದುಹೋಯಿತು. ನಾನು ನೆಲ ನೋಡಿದೆ.

ಅವನು ಸೆರೆಮನೆಯಲ್ಲಿದ್ದ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಯಾಕೆ ಇದ್ದ ಎಂಬುದು ಗೊತ್ತಿರಲಿಲ್ಲ. ಆ ಖಾಲಿ ಜಾಗದಲ್ಲಿ ನಾನು ನನ್ನ ಕಳ್ಳತನವನ್ನು ತುಂಬಿದ್ದೆ.

ಅಂದು ಸಂಜೆ ಅಂಗಡಿ ತೆರೆಯಲಿಲ್ಲ. ಅಂಬುಜ ಪಡಸಾಲೆಯಲ್ಲಿ ಕೂತು ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಜವಳಿ ಮಳಿಗೆಯಿಂದ ಹಿಡಿದು ಚೀಟಿಯವರೆಗೆ. ಮುಗಿದ ಮೇಲೆ ಕೇಳಿದಳು:

"ಹಂಗಾದ್ರೆ ಸೋದರಮಾವ ಅನ್ನೋರು ಯಾರೂ ಇರ್ಲೇ ಇಲ್ವಾ?"

"ಇಲ್ಲ."

"ಹೊಲಿಗೆ ಅಲ್ಲೇ ಕಲಿತದ್ದಾ?"

"ಅಲ್ಲೇ."

ಅವಳು ಕೈಯಲ್ಲಿದ್ದ ರವಿಕೆಯನ್ನು ಹಿಂದುಮುಂದು ತಿರುವಿ ನೋಡಿದಳು. ಅವಳಿಗೆ ಹೊಲಿಗೆ ಕಲಿಸಿದವನು ನಾನು. ಅವಳೂ ಗಂಟು ಹಾಕುತ್ತಿರಲಿಲ್ಲ. "ಅಂದ್ರೆ ನಂಗೂ ಅಲ್ಲಿಂದ್ಲೇ ಬಂದದ್ದು," ಎಂದಳು. ಆಮೇಲೆ, "ಹದಿನೇಳು ವರ್ಷ ಆ ಸೋದರಮಾವನ ತಿಥಿ ಮಾಡಿದೀನಿ," ಎಂದು ಎದ್ದುಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಕೇಳಿಸಿತು. ಊಟಕ್ಕೆ ಬಡಿಸುವಾಗ ಮಾತ್ರ, ನನ್ನ ಮುಖ ನೋಡದೆ, "ಯಾವಾಗ ಹೋಗ್ತೀರಿ ಜಡ್ಜ್ ಹತ್ರ?" ಎಂದಳು. ಹೋಗುತ್ತೇನೆಂದು ನಾನಿನ್ನೂ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಚೇರಿ ಶುರುವಾಗುವ ಮೊದಲೇ ಹೋದೆ. ನ್ಯಾಯಾಧೀಶರು ನನ್ನನ್ನು ಕೂರಿಸಿ ಕೇಳಿಸಿಕೊಂಡರು. ಶಿಕ್ಷೆ ಅನುಭವಿಸಿದವನು ಜೂರಿಯಲ್ಲಿ ಕೂರುವಂತಿರಲಿಲ್ಲ. ಆ ಒಂದು ತಪ್ಪಿಗೇ ನನ್ನ ಮೇಲೆ ಮೊಕದ್ದಮೆ ಹೂಡಬಹುದಿತ್ತು. ಅದನ್ನು ಅವರು ಮೊದಲು ಹೇಳಿದರು.

"ಗೊತ್ತು ಸ್ವಾಮಿ."

"ನಾನು ವಕೀಲರ ಬಾಯಿ ಮುಚ್ಚಿಸಿದೆ. ನಿಮ್ಮ ಕಣ್ಣು ಮುಚ್ಚಿಸುವುದು ನನ್ನ ಕೈಲಿ ಇರಲಿಲ್ಲ," ಎಂದರು. ಆಮೇಲೆ, "ಬಾಯಲ್ಲಿ ಹೇಳಿದರೆ ಸಾಲದು. ಬರೆದು, ಹೆಸರು ಹಾಕಿ, ರುಜು ಮಾಡಿ ಕೊಡಬೇಕು. ಅದು ಮೇಲಿನ ನ್ಯಾಯಾಲಯಕ್ಕೆ ಹೋಗುತ್ತದೆ, ಪತ್ರಿಕೆಗಳಲ್ಲಿ ಬರುತ್ತದೆ. ಆಮೇಲೆ ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ."

ಬರೆದು ಕೊಟ್ಟೆ. ಎರಡು ಹಾಳೆಯಾಯಿತು.

ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಗುರುಬಸಪ್ಪನವರು ಮಗಳ ಮದುವೆಗೆಂದು ಕೊಟ್ಟಿದ್ದ ಬಟ್ಟೆಯನ್ನು ಕತ್ತರಿಸುವ ಮುಂಚೆಯೇ ವಾಪಸು ತರಿಸಿಕೊಂಡರು. ಶಾಲೆಯ ಸಮವಸ್ತ್ರದ ಕೆಲಸ ಬೇರೆಯವರಿಗೆ ಹೋಯಿತು. ಯಾರೂ ಬೈಯಲಿಲ್ಲ. ಅಂಗಡಿಯ ಮುಂದೆ ಹೋಗುವವರು ರಸ್ತೆಯ ಆಚೆ ಬದಿ ಹಿಡಿದರು, ಅಷ್ಟೆ. ಪಶುಪತಿ ಮೇಷ್ಟ್ರು ಮಾತ್ರ ಒಂದು ಹಳೆಯ ಕೋಟು ಹಿಡಿದುಕೊಂಡು ಬಂದು, ಒಳಮೈ ಹೊರಗೆ ಮಾಡಿ ಹೊಲಿದುಕೊಡಬೇಕೆಂದು ಕೇಳಿದರು. ಅದನ್ನು ಹಾಗೆ ತಿರುವಿ ಹೊಲಿಯುವಷ್ಟು ಬಾಳಿಕೆ ಆ ಬಟ್ಟೆಗೆ ಉಳಿದಿರಲಿಲ್ಲ. ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಹೊಲಿದುಕೊಟ್ಟೆ.

ಅದೇ ತಿಂಗಳಿನಲ್ಲಿ ಅಪ್ಪಣೆ ಪಡೆದು ಚಿಕ್ಕೀರಯ್ಯನನ್ನು ನೋಡಲು ಸಬ್‌ಜೈಲಿಗೆ ಹೋದೆ. ಕಂಬಿಯ ಆಚೆ ಅವನು, ಈಚೆ ನಾನು. ಅವನೇ ಶುರುಮಾಡಿದ.

"ದಸ್ತಗೀರ್ ಮೇಸ್ತ್ರಿ ತೀರ್ಕೊಂಡ್ರು ಅಣ್ಣ. ನಾನು ಒಳಗಿದ್ದಾಗ್ಲೇ."

"ನಾನು ಅಲ್ಲಿಂದ ಬಂದವನು ಅಂತ ನಿನಗೆ..."

"ನಿಮ್ಮ ಅಂಗಿ ಮುಂಗೈ ಪಟ್ಟಿ ಹತ್ರ. ಗುಂಡಿ ಹಾಕಿದ ದಾರ. ಮೊದಲ್ನೇ ದಿನ ನಿಮ್ಮ ಮುಂದೆ ಹಾದುಹೋದ್ನಲ್ಲ, ಆಗ್ಲೇ ಕಂಡ್ತು." ಅವನು ಕಂಬಿ ಹಿಡಿದುಕೊಂಡ. "ವಕೀಲ್ರು ಕೇಳಿದ್ರು, ಯಾರ ಮೇಲಾದ್ರೂ ತಕರಾರಿದ್ರೆ ಈಗ್ಲೇ ಹೇಳು ಅಂತ. ನಿಮ್ಮನ್ನ ಎಬ್ಬಿಸ್ಬೋದಿತ್ತು."

"ಯಾಕೆ ಎಬ್ಬಿಸಲಿಲ್ಲ?"

"ಐದು ಜನದಲ್ಲಿ ಒಬ್ರಾದ್ರೂ ಒಳಗೆ ಹೋಗಿ ಬಂದೋರು ಇದಾರಲ್ಲ ಅಂತ ಧೈರ್ಯ ಆಯ್ತು. ಒಳಗಿರೋರೆಲ್ಲ ಒಂದೇ ಥರದವರಲ್ಲ ಅಂತ ಅವರಿಗಾದ್ರೂ ಗೊತ್ತಿರುತ್ತೆ ಅಂದ್ಕೊಂಡೆ."

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನು ಅದನ್ನು ನಿನ್ನೆ ಮಳೆ ಬಂದಿತ್ತು ಎಂಬ ಹಾಗೆ ಹೇಳಿದ. ನಾನು ಬರೆದುಕೊಟ್ಟದ್ದರ ವಿಷಯ ಅವನಿಗೆ ತಿಳಿಸಿದ್ದರು. ಅದಕ್ಕೆ ಒಳ್ಳೆಯದಾಯಿತೆಂದೂ ಅನ್ನಲಿಲ್ಲ, ಕೆಟ್ಟದ್ದಾಯಿತೆಂದೂ ಅನ್ನಲಿಲ್ಲ. ಹೊರಡುವಾಗ, "ಸೂಜಿ ಒಂದು ಕೊಟ್ಟು ಹೋಗ್ತೀರಾ?" ಎಂದು ಕೇಳಿದ. ಕಾವಲಿನವನು ಒಪ್ಪಲಿಲ್ಲ.

ಮೇಲಿನ ನ್ಯಾಯಾಲಯ ತೀರ್ಪನ್ನು ರದ್ದುಮಾಡಿ ಹೊಸ ಜೂರಿಯ ಮುಂದೆ ಮತ್ತೆ ವಿಚಾರಣೆ ನಡೆಸಬೇಕೆಂದು ಹೇಳುವಷ್ಟರಲ್ಲಿ ಹತ್ತು ತಿಂಗಳು ಕಳೆದಿದ್ದವು. ಆಗ ಒಂದು ತೊಡಕು ಎದುರಾಯಿತು. ಅದು ನನ್ನಿಂದಲೇ ಬಂದದ್ದು. ನಾನು ಬರೆದದ್ದೆಲ್ಲ ಪತ್ರಿಕೆಯಲ್ಲಿ ಬಂದಿತ್ತು. ಚಿಕ್ಕೀರಯ್ಯ ಸಜೆಯಾಗಿದ್ದವನೆಂದು ತಿಳಿಯದ ಐದು ಜನ ಆ ಸೀಮೆಯಲ್ಲೇ ಸಿಗುವಂತಿರಲಿಲ್ಲ. ಪಕ್ಕದ ತಾಲ್ಲೂಕಿನಿಂದ ಹೆಸರು ತೆಗೆದರು, ಅವರೂ ಓದಿದ್ದರು. ಅವನಿಗೆ ನಾನು ಎರಡನೆಯ ಸಲ ಅದೇ ಅನ್ಯಾಯವನ್ನು, ಈ ಬಾರಿ ಊರೆಲ್ಲ ಕೇಳುವ ಹಾಗೆ, ಮಾಡಿದ್ದೆ.

ಹೊಸದಾಗಿ ವರ್ಗವಾಗಿ ಬಂದಿದ್ದ ನ್ಯಾಯಾಧೀಶರು ಬೇರೆಯದೇ ದಾರಿ ಹಿಡಿದರು. "ನಿಮಗೆಲ್ಲ ಅರ್ಧ ಗೊತ್ತಿದೆ," ಎಂದು ಅವರು ಮೊದಲ ದಿನವೇ ಜೂರಿಗೆ ಹೇಳಿದರು. "ಅರ್ಧ ಗೊತ್ತಿರುವುದಕ್ಕಿಂತ ಪೂರ್ತಿ ಗೊತ್ತಿರುವುದು ಮೇಲು. ಅದನ್ನು ಈಗಲೇ ಓದಿಸುತ್ತೇನೆ. ಓದಿದ ಮೇಲೆ ಪಕ್ಕಕ್ಕಿಟ್ಟು, ಈ ಮೊಕದ್ದಮೆಯನ್ನು ನೋಡಿ." ಬಾವಿಯ ಬೀಗ, ಹಾರೆ, ಕಾವಲುಗಾರನ ಮುರಿದ ಕೈ ಎಲ್ಲವನ್ನೂ ಸಾಕ್ಷಿಗಳಿಗೂ ಮುಂಚೆ ಓದಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಅದು ಸರಿಯೋ, ಮೊದಲಿನ ನ್ಯಾಯಾಧೀಶರು ಮಾಡಿದ್ದು ಸರಿಯೋ ಎಂದು ಪಶುಪತಿ ಮೇಷ್ಟ್ರೂ ನಾನೂ ಆಮೇಲೆ ಎಷ್ಟೋ ಸಂಜೆ ಮಾತನಾಡಿದ್ದೇವೆ. ಮೇಷ್ಟ್ರು ಕೊನೆಯವರೆಗೂ ಒಪ್ಪಲಿಲ್ಲ. "ಇವನು ಬಾವಿ ಬೀಗ ಒಡೆದಿದ್ದ, ಸರಿ ಹೋಯ್ತು. ಇನ್ನೊಬ್ಬ ನಿಜವಾಗ್ಲೂ ಪೆಟ್ಟಿಗೆ ಬೀಗಾನೇ ಒಡೆದಿದ್ದಿದ್ರೆ? ಅವನಿಗೂ ಆವತ್ತಿನ ಮಧ್ಯಾಹ್ನದ ವಿಚಾರಣೆ ಬೇಕಲ್ಲವಾ?" ಎನ್ನುತ್ತಿದ್ದರು. ನನ್ನಂಥವನ ಪರವಾಗಿಯೇ ಅವರು ಕೇಳುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ.

ಆ ಜೂರಿಯಲ್ಲಿ ಹೆಂಚಿನ ಕಾರ್ಖಾನೆಯ ಮೇಸ್ತ್ರಿಯೊಬ್ಬನಿದ್ದ. ಸಾವಂತ್ರಮ್ಮ ಸಾಕ್ಷಿ ಮುಗಿಸಿ ಇಳಿಯುವಾಗ ಅವನು ಎದ್ದು, ಒಂದು ಪ್ರಶ್ನೆ ಕೇಳಬಹುದೇ ಎಂದು ನ್ಯಾಯಾಧೀಶರನ್ನು ಕೇಳಿದ. ಜೂರಿಯವರಿಗೆ ಆ ಹಕ್ಕು ಮೊದಲಿನಿಂದಲೂ ಇತ್ತು. ನಮ್ಮ ಐವರಲ್ಲಿ ಯಾರೂ ಅದನ್ನು ಬಳಸಿರಲಿಲ್ಲ.

"ಅಮ್ಮಾ, ನೀವು ಅವನ ಮುಖ ನೋಡಿದ್ರಾ?"

"ತಲೆ ಮೇಲೆ ಟವೆಲ್ ಹಾಕ್ಕೊಂಡಿದ್ನಪ್ಪ. ಬೆನ್ನು ಕಾಣ್ತು."

"ಮತ್ತೆ ಬಾವಿಯವನೇ ಅಂತ ಹೆಂಗೆ ಹೇಳ್ತೀರಿ?"

"ಬಾವಿ ಕೆಲಸ ನಡೀತಿತ್ತಲ್ಲ. ಹಿತ್ತಲಿಂದ ಇನ್ಯಾರು ಬರ್ತಾರೆ?"

ಅವಳು ಸುಳ್ಳು ಹೇಳುವ ಹೆಂಗಸಲ್ಲ. ಯಾರೂ ಕೇಳದೆ ಇದ್ದದ್ದರಿಂದ ಹೇಳಿರಲಿಲ್ಲ, ಅಷ್ಟೇ. ಆಮೇಲೆ ಮೇಸ್ತ್ರಿ ಚಿಕ್ಕೀರಯ್ಯನ ಕಡೆಗೆ ತಿರುಗಿ, "ನೀನು ಮುದುಕನಿಗೆ ಹೊಡೆದೆಯಾ?" ಎಂದು ನೇರವಾಗಿಯೇ ಕೇಳಿದ. ಚಿಕ್ಕೀರಯ್ಯ, "ಇಲ್ಲ. ಅವರು ಬೆಳಿಗ್ಗೆ ನನಗೆ ಮಜ್ಜಿಗೆ ಕೊಟ್ಟಿದ್ರು," ಎಂದ. ನಾಲ್ವರು ಅವನ ಪರ, ಒಬ್ಬರು ವಿರುದ್ಧ. ಆ ಒಬ್ಬರು ಯಾರೆಂದು ನನಗೆ ತಿಳಿಯದು, ತಿಳಿದುಕೊಳ್ಳಲು ಹೋಗಲಿಲ್ಲ. ಚಿಕ್ಕೀರಯ್ಯ ಒಟ್ಟು ಹದಿನೈದು ತಿಂಗಳು ಒಳಗಿದ್ದು ಹೊರಗೆ ಬಂದ. ಬೆಳ್ಳಿ ಇಂದಿಗೂ ಸಿಕ್ಕಿಲ್ಲ. ವೀರಭದ್ರಾಚಾರಿಯನ್ನು ಹೊಡೆದವರು ಯಾರೆಂದು ಊರಿಗೆ ಇಂದಿಗೂ ಗೊತ್ತಿಲ್ಲ.

ಬಿಡುಗಡೆಯಾದ ನಾಲ್ಕನೆಯ ದಿನ ಅವನು ನನ್ನ ಅಂಗಡಿಗೆ ಬಂದ. ಮಧ್ಯಾಹ್ನ, ಬೀದಿಯಲ್ಲಿ ಜನ ಕಡಿಮೆ. ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ತುಂಡು ಬಟ್ಟೆ. ಅಂಬುಜ ಒಳಗಿನಿಂದ ನೀರು ತಂದಿಟ್ಟಳು. ಅವನು ಎತ್ತಿ ಕುಡಿದು, ಚೊಂಬನ್ನು ಹೊಸ್ತಿಲ ಪಕ್ಕ ಇಟ್ಟ.

"ಕೇಳ್ಬೇಕು ಅಂತಿದೀರಿ," ಎಂದ.

"ಹೌದು."

"ಎರಡ್ನೇ ಸಲ ಕೂತೋರು ಕೇಳಿದ್ರು. ಹೇಳ್ದೆ. ನೀವೂ ಹಿಂದುಗಡೆ ಬೆಂಚಲ್ಲಿ ಇದ್ರಲ್ಲ."

ಅಲ್ಲಿಂದ ಮುಂದೆ ನಾನು ಆ ಮಾತು ಎತ್ತಲಿಲ್ಲ. ಬಟ್ಟೆ ಬಿಡಿಸಿದೆ. ಒರಟು ಖಾದಿ, ಮಣ್ಣಿನ ಬಣ್ಣದ್ದು. ಒಂದು ಅಂಗಿಗೆ ಸರಿಯಾಗುವಷ್ಟಿತ್ತು.

"ಕೆಲಸಕ್ಕೆ ಹಾಕ್ಕೊಳ್ಳೋದು. ಕಂಕುಳಲ್ಲಿ ಸಡಿಲ ಇರ್ಲಿ. ಹಗ್ಗ ಎಳೀಬೇಕು."

"ಈ ಕಡೆ ಬಂದು ನಿಂತುಕೊ. ಅಳತೆ ತಗೋತೀನಿ."

ಅವನು ಮೂಲೆಯ ಕನ್ನಡಿಯ ಮುಂದೆ ಬಂದು ನಿಂತ. ನಾನು ಅಳತೆ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ಹಿಂದಿನಿಂದ ಅವನ ಹತ್ತಿರ ಹೋದೆ. ಹೆಜ್ಜೆಯ ಸದ್ದು ಕೇಳುತ್ತಿದ್ದಂತೆ ಅವನು ಕಾಲುಗಳನ್ನು ಅಗಲಿಸಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ, ಬೆರಳುಗಳನ್ನು ಬಿಡಿಸಿ ತೋರಿಸುತ್ತ, ಗೋಡೆಯ ಕಡೆ ಮುಖ ಮಾಡಿ ನಿಂತ. ಸೆರೆಮನೆಯ ಗೇಟಿನಲ್ಲಿ ದಿನಕ್ಕೆ ಎರಡು ಸಲ ಮೈ ತಡವಿ ನೋಡುವಾಗ ಹಾಗೆ ನಿಲ್ಲಬೇಕು. ನಾನೂ ಮೂರು ವರ್ಷ ಹಾಗೆ ನಿಂತವನು. ಅವನಿಗೆ ತಾನು ಹಾಗೆ ನಿಂತದ್ದು ತಿಳಿದಿರಲಿಲ್ಲ.

ನಾನು ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಅವನ ಎರಡೂ ಮುಂಗೈಗಳನ್ನು ಹಿಡಿದು ನಿಧಾನವಾಗಿ ಕೆಳಗಿಳಿಸಿ, ಮೈಯ ಪಕ್ಕಕ್ಕೆ ತಂದು ಬಿಟ್ಟೆ. ಅವು ಅಲ್ಲಿ ಸುಮ್ಮನೆ ನಿಂತ ಮೇಲೆ ಭುಜದಿಂದ ಅಳೆಯಲು ಶುರುಮಾಡಿದೆ.